ತುಳಿಯುವ ಕಾಲು ಅದುರಿದಾಗ

ಮೊನ್ನೆ ಪಿರಿಯಾಪಟ್ಟಣದಿಂದ ಒಬ್ಬ ಹುಡುಗಿ ಫೋನು ಮಾಡಿದ್ದಳು. ಫಿಸಿಯೋಥೆರಪಿಸ್ಟ್ ಕೆಲಸಕ್ಕೆ ಹೊಸದಾಗಿ ಸೇರಿದ್ದಾಳೆ. "ಮೇಡಂ, ನಾನು ಓದಿದ್ದೆಲ್ಲ ಮುರಿದ ಮೂಳೆ, ಲಕ್ವ, ಮಂಡಿನೋವು. ಇಲ್ಲಿ ನೋಡಿದರೆ ದಿನಾ ಯಾರಾದರೊಬ್ಬರು ಬಂದು ಮಾಂಸ ಪಟಪಟ ಅಂತ ಹಾರ್ತಿದೆ, ನರದ ಕಾಯಿಲೆ ಇರಬಹುದಾ ಅಂತ ಕಣ್ಣಲ್ಲಿ ನೀರು ಹಾಕ್ತಾರೆ. ಇವರಿಗೆಲ್ಲ ಏನು ಹೇಳೋದು?" ಎಂದು ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಸುವಷ್ಟು ಚಿಕ್ಕ ಉತ್ತರ ನನ್ನ ಬಳಿ ಇರಲಿಲ್ಲ. ಇದ್ದಿದ್ದರೂ ಚಿಕ್ಕದಾಗಿ ಹೇಳುವ ಅಭ್ಯಾಸ ನನಗಿಲ್ಲ, ಬೇಕಾದರೆ ನಮ್ಮ ಮನೆಯವರನ್ನು ಕೇಳಿ. ಹಾಗಾಗಿ ಬರೆಯಲು ಕೂತಿದ್ದೇನೆ.

ಕೆ.ಆರ್. ನಗರ, ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ಕಡೆಗೆ ಹುಣಸೂರು. ನನ್ನ ಸರ್ವೀಸೆಲ್ಲ ಈ ನಾಲ್ಕು ತಾಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲೇ ಮುಗಿಯಿತು. ಎಲ್ಲಿಗೆ ಹೋದರೂ ನನಗೆ ಸಿಗುತ್ತಿದ್ದದ್ದು ಎಕ್ಸ್‌ರೇ ಕೋಣೆಯ ಪಕ್ಕದ ಹಳೆಯ ಉಗ್ರಾಣ. ಒಂದು ಮರದ ಮಂಚ, ತೋಳು ತಿರುಗಿಸಲು ಗೋಡೆಗೆ ಹೊಡೆದ ಒಂದು ಚಕ್ರ, ಕೀಲುನೋವಿಗೆ ಹಚ್ಚುವ ಮೇಣ ಕಾಯಿಸುವ ಪೆಟ್ಟಿಗೆ, ಮತ್ತೆ ಕರೆಂಟು ಕೊಡುವ ಒಂದು ಮಿಷನ್ನು. ಬಡ್ತಿಯ ವಿಷಯ ಬರೆಯುವುದಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ.

ಆ ಕರೆಂಟಿನ ಮಿಷನ್ನಿನ ಬಗ್ಗೆ ಮೊದಲೇ ಎಚ್ಚರಿಸಿಬಿಡುತ್ತೇನೆ. ನಮ್ಮ ಕಡೆಯ ಜನಕ್ಕೆ ಫಿಸಿಯೋಥೆರಪಿ ಅಂದರೆ ಅದೇ. ನೀವು ಎಷ್ಟು ಚೆನ್ನಾಗಿ ವ್ಯಾಯಾಮ ಹೇಳಿಕೊಟ್ಟರೂ ಅವರ ಮುಖ ಸಪ್ಪಗಾಗುತ್ತದೆ. ಒಬ್ಬ ಗೌಡರು ನನ್ನೆದುರಿಗೇ ಹೇಳಿದ್ದರು, "ಕೈ ಎತ್ತು, ಕೈ ಇಳುಸು ಅಂತ ಯೋಳುಸ್ಕಳಕ್ಕೆ ಬಸ್ ಚಾರ್ಜು ಕೊಟ್ಕಂಡು ಬರ್ಬೇಕಿತ್ತಾ ಮೇಡಮ್ಮೋರೆ? ಹಟ್ಟೀಲಿ ನಮ್ಮೆಂಗಸ್ರೂ ಅದ್ನೇ ಯೋಳ್ತಾಳೆ. ವಸಿ ಕರೆಂಟು ಕೊಡಿ." ಕೊಟ್ಟೆ. ಜುಮ್ ಅಂದ ತಕ್ಷಣ ಮುಖ ಅರಳಿತು. ಆಮೇಲೆ ಅವರ ಪಾಡಿಗೆ ಅವರೇ ಕೈ ಎತ್ತಿ ಇಳಿಸಿದರು. ಕರೆಂಟು ಪಾಯಸ, ವ್ಯಾಯಾಮ ಮುದ್ದೆ ಅಂತ ತಿಳಿದುಕೊಳ್ಳಿ. ಪಾಯಸದ ಆಸೆ ತೋರಿಸಿ ಮುದ್ದೆ ನುಂಗಿಸುವುದೇ ನಮ್ಮ ಕೆಲಸ.

ಈಗ ಮಾಂಸ ಅದುರುವ ವಿಷಯಕ್ಕೆ ಬರುತ್ತೇನೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮೈ ಅದುರುವುದು ಕಾಯಿಲೆಯೇ ಆಗಿರಲಿಲ್ಲ, ಶಕುನವಾಗಿತ್ತು. ಗಂಡಸರಿಗೆ ಬಲಗಣ್ಣು, ಹೆಂಗಸರಿಗೆ ಎಡಗಣ್ಣು ಹಾರಿದರೆ ಒಳ್ಳೆಯದು, ತಿರುಗುಮುರುಗಾದರೆ ಕೆಟ್ಟದ್ದು. ಕೆ.ಆರ್. ನಗರದಲ್ಲಿದ್ದಾಗ ಒಬ್ಬ ಮೇಷ್ಟ್ರು ಎಡಗಣ್ಣು ಹಾರುತ್ತದೆಂದು ಬಂದರು. ಎರಡು ವಾರದಿಂದ ನಿಂತಿಲ್ಲ, ಸೈಟು ರಿಜಿಸ್ಟರ್ ಮಾಡಿಸುವುದು ಬಾಕಿ ಇದೆ, ಇಂಥ ಹೊತ್ತಿನಲ್ಲಿ ಹೋಗುವುದು ಹೇಗೆ ಎಂದರು. ನಾನು ತಾಳ್ಮೆಯಿಂದ ಕೇಳಿ, ಕಣ್ಣಿಗೆ ನನ್ನ ಬಳಿ ವ್ಯಾಯಾಮ ಇಲ್ಲ ಎಂದೆ. ಅವರು ಬಾಗಿಲು ನೋಡಿಕೊಂಡು, ಧ್ವನಿ ತಗ್ಗಿಸಿ, "ಪೂರ್ತಿ ನಿಲ್ಲಿಸೋದು ಬೇಡಮ್ಮ. ಇದನ್ನ ಬಲಗಣ್ಣಿಗೆ ವರ್ಗಾಯಿಸೋಕೆ ಏನಾದರೂ ಉಂಟಾ?" ಎಂದರು.

ಅಲ್ಲಿನ ವೈದ್ಯಾಧಿಕಾರಿಗಳ ಹತ್ತಿರ ಕಳಿಸಿದೆ. ಈ ಸಾಹೇಬರು ಕಡ್ಡಿಯಂಥ ಮನುಷ್ಯ, ಮಾತೂ ಕಡ್ಡಿ ಮುರಿದಂತೆ. ನಗುವುದನ್ನು ನಾನು ಕಂಡಿದ್ದು ಅಪರೂಪ. ಮೇಷ್ಟ್ರು ದಿನಕ್ಕೆ ಎಷ್ಟು ಲೋಟ ಕಾಫಿ ಕುಡಿಯುತ್ತಾರೆ ಎಂದು ಕೇಳಿದರು. ಲೆಕ್ಕ ಇಟ್ಟಿಲ್ಲ ಎಂದರು ಮೇಷ್ಟ್ರು. "ಲೆಕ್ಕ ಇಡೋಕಾಗುವಷ್ಟು ಕುಡೀರಿ, ನಿದ್ದೆ ಮಾಡಿ" ಎಂದು ಎಬ್ಬಿಸಿ ಕಳಿಸಿದರು. ಆಮೇಲೆ ನನ್ನನ್ನು ಕರೆದು ಹೇಳಿದ ಮಾತನ್ನು ಈ ಕೆಲಸಕ್ಕೆ ಬರುವವರೆಲ್ಲ ನೆನಪಿನಲ್ಲಿಟ್ಟುಕೊಳ್ಳಿ.

"ನೋಡಿ ಸಿಸ್ಟರ್," ಎಂದರು. ನಾನು ಸಿಸ್ಟರ್ ಅಲ್ಲ ಅಂತ ಎಷ್ಟು ಸಲ ಹೇಳಿದರೂ ಅವರ ಬಾಯಲ್ಲಿ ಬರುತ್ತಿದ್ದದ್ದು ಅದೇ. "ಅದುರೋದನ್ನೇ ನೋಡ್ತಾ ಕೂರಬೇಡಿ. ಅದುರೋ ಜಾಗ ತನ್ನ ಕೆಲಸ ಮಾಡ್ತಾ ಇದೆಯಾ ನೋಡಿ. ಗೊತ್ತಿಲ್ಲದೆ ಚಪ್ಪಲಿ ಕಾಲಿಂದ ಜಾರುತ್ತಾ? ಅಂಗಿ ಗುಂಡಿ ಹಾಕೋಕೆ ಕಷ್ಟನಾ? ನೀರು ಕುಡಿದರೆ ನೆತ್ತಿಗೇರುತ್ತಾ? ಒಂದು ಕಡೆ ಮಾಂಸ ಕರಗಿದೆಯಾ? ಇದರಲ್ಲಿ ಒಂದಿದ್ದರೂ ತಡ ಮಾಡದೆ ನನ್ನ ಹತ್ತಿರ ಕರ್ಕೊಂಡು ಬನ್ನಿ, ಮೈಸೂರಿಗೆ ಕಳಿಸೋಣ. ಯಾವುದೂ ಇಲ್ಲದಿದ್ದರೂ ಕರ್ಕೊಂಡು ಬನ್ನಿ. ಏನೂ ಇಲ್ಲ ಅನ್ನೋ ಮಾತು ನನ್ನದು, ನಿಮ್ಮದಲ್ಲ." ಆಗ ನನಗೆ ಕೋಪ ಬಂತು. ಈಗ ಕೈ ಮುಗಿಯುತ್ತೇನೆ.

ಅವರೇ ಕಲಿಸಿದ್ದು ಹಿಮ್ಮಡಿ ನಡಿಗೆ. ಕಾಯಿಲೆಯವರನ್ನು ಮೊದಲು ಹಿಮ್ಮಡಿಯ ಮೇಲೆ, ಆಮೇಲೆ ತುದಿಗಾಲಲ್ಲಿ ನಡೆಸಬೇಕು. ಕುಕ್ಕರಗಾಲಲ್ಲಿ ಕೂರಿಸಿ ಕೈ ಊರದೆ ಏಳಿಸಬೇಕು. ಕಾಲಿನ ಬಲ ಸೋತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಬಹಳ ಒಳ್ಳೆಯ ಪದ್ಧತಿ. ಆದರೆ ಸರಗೂರಿನಲ್ಲಿ ಇದೇ ನನ್ನ ಮಾನ ಕಳೆಯಿತು.

ಎಚ್.ಡಿ. ಕೋಟೆಯಲ್ಲಿದ್ದಾಗ ಸರಗೂರಿನಲ್ಲಿ ಅಂಗವಿಕಲರ ಸರ್ಟಿಫಿಕೇಟಿಗಾಗಿ ತಪಾಸಣೆ ಶಿಬಿರ. ಇಸ್ಕೂಲಿನ ಬಯಲಲ್ಲಿ ಉದ್ದನೆಯ ಸಾಲು. ಸಾಲಿನ ಮೊದಲಿಗೆ ತೊಡೆ ಅದುರುತ್ತದೆಂದು ಬಂದಿದ್ದ ಗಟ್ಟಿಮುಟ್ಟಾದ ಒಬ್ಬ ಆಸಾಮಿ. ಅವನನ್ನು ಎಲ್ಲರೆದುರಿಗೆ ಹಿಮ್ಮಡಿಯಲ್ಲಿ ನಡೆಸಿದೆ. ಹುಂಜದ ಹಾಗೆ ಸೊಗಸಾಗಿ ನಡೆದ. ಪಕ್ಕದಲ್ಲಿದ್ದ ವೈದ್ಯರು "ನಿನಗೇನೂ ಆಗಿಲ್ಲ, ಹೋಗು" ಎಂದು ಕಳಿಸಿದರು. ಇದು ಸಾಲಿನ ಕೊನೆಯವರೆಗೆ ಹಬ್ಬಿತು. ಹಿಮ್ಮಡೀಲಿ ಚೆನ್ನಾಗಿ ನಡೆದವರಿಗೆ ಸರ್ಟಿಫಿಕೇಟು ಇಲ್ಲವಂತೆ. ಅಲ್ಲಿಂದಾಚೆಗೆ ನಾನು ಯಾರನ್ನು ನಡೆಸಿದರೂ ಧೊಪ್ಪನೆ ಬೀಳುತ್ತಿದ್ದರು. ಕಿವಿ ಕೇಳಿಸದು ಎಂದು ಬಂದವನೂ ಬಿದ್ದ. ಮಗನ ಜೊತೆಗೆ ಸುಮ್ಮನೆ ಬಂದಿದ್ದ ಒಬ್ಬ ಅಜ್ಜಿ, ನಾನು ಕೇಳದಿದ್ದರೂ, ಇರಲಿ ಅಂತ ಎರಡು ಹೆಜ್ಜೆ ಇಟ್ಟು ಕೂತುಬಿಟ್ಟಿತು. ಅಂದಿನಿಂದ ನಡೆಸುವುದನ್ನು ಕೋಣೆಯ ಒಳಗೆ, ಬಾಗಿಲು ಹಾಕಿಕೊಂಡು ಮಾಡುತ್ತಿದ್ದೆ.

ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು. ಶಕುನ ಹೋಗಿ ಕಾಯಿಲೆ ಬಂತು. ಮೊದಲು ತೋಳು ಹಾರಿದರೆ ನೆಂಟರು ಬರುತ್ತಾರೆ ಎನ್ನುತ್ತಿದ್ದ ಜನ ಈಗ ಫೋನು ಉಜ್ಜಿ, ಅದರಲ್ಲಿ ಇರುವುದರಲ್ಲೆಲ್ಲ ಭಯಂಕರವಾದದ್ದನ್ನು ಆರಿಸಿಕೊಂಡು ಬರುತ್ತಾರೆ. ಪಿರಿಯಾಪಟ್ಟಣ ತಾಲೂಕಿನ ಕೊಪ್ಪದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಒಬ್ಬ ತರುಣ ಹೀಗೇ ಬಂದ. ಕಾಲು ಅದುರುತ್ತದೆ, ಬಲ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿಕೊಳ್ಳುತ್ತಿದ್ದಾನೆ. ಗಿರಾಕಿ ಇಲ್ಲದಾಗಲೆಲ್ಲ ಕೌಂಟರ್ ಹಿಂದೆ ತುದಿಗಾಲಲ್ಲಿ ಎದ್ದು ಇಳಿಯುವುದು. ಬೆಳಗಿನಿಂದ ಸಂಜೆವರೆಗೂ ಅದೇ. ಅಷ್ಟು ದುಡಿಸಿದರೆ ಯಾವ ಕಾಲು ಅದುರುವುದಿಲ್ಲ ಹೇಳಿ. ಪರೀಕ್ಷೆ ಜಾಸ್ತಿಯಾದಷ್ಟೂ ಅದುರು ಜಾಸ್ತಿ, ಅದುರು ಜಾಸ್ತಿಯಾದಷ್ಟೂ ಪರೀಕ್ಷೆ ಜಾಸ್ತಿ. ವೈದ್ಯರು ನೋಡಿ ಕಳಿಸಿದ ಮೇಲೆ ನಾನು ಅವನಿಗೆ ಹೇಳಿಕೊಟ್ಟ ವ್ಯಾಯಾಮ ಒಂದೇ, ಕುರ್ಚಿಯ ಮೇಲೆ ಸುಮ್ಮನೆ ಕೂರುವುದು. ನನ್ನ ಸರ್ವೀಸಿನಲ್ಲಿ ಕರೆಂಟು ಕೊಡಿ ಎಂದು ಕೇಳದ ಕಾಯಿಲೆಯವನು ಅವನೊಬ್ಬನೇ.

ಇಂಥವರನ್ನು ನೋಡಿ ನಗುವುದು ಸುಲಭ. ನಗಿ, ಬೇಡವೆನ್ನುವುದಿಲ್ಲ, ಆದರೆ ಅವರು ಹೋದ ಮೇಲೆ ನಗಿ. ಹೆದರಿಕೊಂಡವರ ಹೆದರಿಕೆ ಕಾಲಿನಲ್ಲೇ ಇರುತ್ತದೆ ಎಂದು ತಿಳಿಯಬೇಡಿ. ಇದನ್ನು ನನಗೆ ಕಲಿಸಿದವರು ಜವರಮ್ಮ.

ಗಾವಡಗೆರೆ ಹೋಬಳಿಯ ಒಂದು ಹಳ್ಳಿಯ ಜವರಮ್ಮ ಕಾಲು ಮುಂದಾಗಿ ಹುಟ್ಟಿದವರು. ಅಂಥವರು ತುಳಿದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಸುತ್ತಿನ ಹಳ್ಳಿಗಳಲ್ಲಿ ಮೂಟೆ ಎತ್ತುವಾಗ, ಹೊಗೆಸೊಪ್ಪು ಮುರಿಯುವಾಗ ಸೊಂಟ ಚಳಕ್ ಅಂದವರೆಲ್ಲ ಜವರಮ್ಮನ ಜಗಲಿಗೆ ಹೋಗುತ್ತಿದ್ದರು. ಆಯಮ್ಮ ಗೋಣಿಚೀಲ ಹಾಸಿ, ಬೋರಲು ಮಲಗಿಸಿ, ಹಿಮ್ಮಡಿಯಿಂದ ಮೆಲ್ಲಗೆ ಒತ್ತಿ ತುಳಿದು ಕಳಿಸುತ್ತಿದ್ದರು. ಕಾಸು ಮುಟ್ಟುತ್ತಿರಲಿಲ್ಲ. ನಾನು ಹುಣಸೂರಿಗೆ ಬಂದಾಗ ನನ್ನ ಮಂಚದ ಮೇಲೆ ಮಲಗುವ ಸೊಂಟನೋವಿನವರಲ್ಲಿ ಮುಕ್ಕಾಲು ಪಾಲು ಮೊದಲು ಆ ಗೋಣಿಚೀಲದ ಮೇಲೆ ಮಲಗಿ ಬಂದವರು. ಉಳಿದವರು ನನ್ನಲ್ಲಿಂದ ಅಲ್ಲಿಗೆ ಹೋಗುವವರು.

ನನಗೆ ಸಹಿಸಲಾಗಲಿಲ್ಲ. ಒಂದು ದಿನ ಬಸ್ಸು ಹತ್ತಿ ಜಗಳ ಆಡಲೆಂದೇ ಹೋದೆ. ಅರವತ್ತು ದಾಟಿದ ಗಟ್ಟಿ ಹೆಂಗಸು, ಬಾಯಲ್ಲಿ ಎಲೆಅಡಿಕೆ, ಕಡ್ಡಿಪುಡಿ. ನನಗೆ ಮಜ್ಜಿಗೆ ಕೊಟ್ಟು, ನಾನು ಬೆನ್ನುಮೂಳೆ, ನರ, ಡಿಸ್ಕು ಎಂದು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕಡೆಗೆ ಒಂದೇ ಪ್ರಶ್ನೆ ಕೇಳಿದರು.

"ಮೇಡಮ್ಮೋರೆ, ನೀವು ತಲೆ ಮುಂದಾಗಿ ಉಟ್ಟಿದ್ದಾ?"

"ಹೌದು," ಎಂದೆ.

"ಪಾಪ," ಎಂದರು ಜವರಮ್ಮ.

ಜಗಳ ಅಲ್ಲಿಗೆ ಮುಗಿಯಿತು. ನಾವು ಒಂದು ಒಪ್ಪಂದಕ್ಕೆ ಬಂದೆವು. ವಯಸ್ಸಾದವರನ್ನು, ಬಸುರಿಯರನ್ನು, ಬಿದ್ದು ಪೆಟ್ಟಾದವರನ್ನು ತುಳಿಯಬಾರದು. ಕಾಲು ಜೋಮು ಹಿಡಿದವರನ್ನು, ಬಲ ಸೋತವರನ್ನು ನನ್ನ ಹತ್ತಿರ ಕಳಿಸಬೇಕು. ಬರೀ ಸೊಂಟ ಹಿಡಿದವರು ಜಗಲಿಗೆ ಹೋದರೆ ನಾನು ಮೂಗು ಮುರಿಯಬಾರದು. ಇದು ಯಾವ ಪುಸ್ತಕದಲ್ಲೂ ಇಲ್ಲ, ಮೇಲಿನವರಿಗೆ ತಿಳಿದರೆ ಏನೆನ್ನುತ್ತಿದ್ದರೋ. ಆದರೆ ಅಲ್ಲಿಂದ ಮುಂದೆ ಆಯಮ್ಮ ಕಳಿಸಿದವರಲ್ಲಿ ಬೇಗ ನೋಡಲೇಬೇಕಾದವರು ಎಷ್ಟೋ ಜನ ಇದ್ದರು.

ಹಾಗೆ ಕಳಿಸಿದವರಲ್ಲಿ ಒಬ್ಬ ಅದೇ ಊರಿನ ಬೋರೇಗೌಡ, ಹೊಗೆಸೊಪ್ಪಿನ ಬೆಳೆಗಾರ. ಸೊಂಟ ಹಿಡಿದಿದೆ, ಕಾಲು ಎಳೆಯುತ್ತದೆ ಎಂದು ಜವರಮ್ಮನ ಜಗಲಿಗೆ ಹೋಗಿದ್ದ. ಹೆಂಡತಿ ಸಾಕಮ್ಮ ಕರೆದುಕೊಂಡು ಹೋಗಿದ್ದಳು. ಕೆಲವು ಸಲ ತುಳಿದ ಮೇಲೆ, ಮೆಟ್ಟು ಕಾಲಿಂದ ಕಳಚಿಕೊಂಡರೂ ಅವನಿಗೆ ತಿಳಿಯದಿದ್ದದ್ದನ್ನು ನೋಡಿ ಜವರಮ್ಮನೇ "ಇದು ನನ್ನ ಕಾಲ್ಗೆ ಬಗ್ಗೋ ಕಾಯ್ಲೆ ಅಲ್ಲ, ಆಸ್ಪತ್ರೆಗೋಗಪ್ಪ" ಎಂದು ಕಳಿಸಿದರು. ಹಿಮ್ಮಡಿಯ ಮೇಲೆ ನಿಲ್ಲಲು ಅವನಿಗೆ ಆಗಲಿಲ್ಲ. ಮೀನಖಂಡ ಒಂದು ಕಡೆ ಇಳಿದುಹೋಗಿತ್ತು, ಮತ್ತು ಅದುರುತ್ತಿತ್ತು. ಮೈಸೂರಿನಲ್ಲಿ ನೋಡಿ ಹೇಳಿದರು, ಕೈಕಾಲು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ, ವಾಸಿಯಾಗುವುದಿಲ್ಲ, ಇನ್ನೂ ಮೊದಲೇ ಬಂದಿದ್ದರೂ ತಡೆಯಲು ಆಗುತ್ತಿರಲಿಲ್ಲ. ನಾನು ಅವನ ಮನೆಗೆ ಹೋಗಿ, ಹೊರಳಿಸುವುದು, ಕೂರಿಸುವುದು, ಗಂಟಲಿಗೆ ಸಿಕ್ಕದಂತೆ ಉಣಿಸುವುದನ್ನು ಸಾಕಮ್ಮನಿಗೆ ಹೇಳಿಕೊಟ್ಟೆ. ಎಷ್ಟು ಚೆನ್ನಾಗಿ ನೋಡಿಕೊಂಡಳು ಎಂದರೆ ಅವನ ಬೆನ್ನಿನ ಮೇಲೆ ಕೊನೆಯವರೆಗೂ ಒಂದು ಹುಣ್ಣೂ ಆಗಲಿಲ್ಲ. ಬೋರೇಗೌಡ ಹೋದಾಗ ನಾನು ಬಹಳ ಅತ್ತೆ.

ಅದಾದ ಮುಂದಿನ ವರ್ಷ, ನಾನು ನಿವೃತ್ತಿಯಾಗುವ ಸ್ವಲ್ಪ ಮೊದಲು, ನನ್ನ ಕೋಣೆ ಇದ್ದಕ್ಕಿದ್ದಂತೆ ತುಂಬತೊಡಗಿತು. ಗಾವಡಗೆರೆ ಕಡೆಯ ಸೊಂಟಗಳೆಲ್ಲ ನೇರವಾಗಿ ನನ್ನ ಹತ್ತಿರವೇ. ವಿಚಾರಿಸಿದರೆ, ಜವರಮ್ಮ ತುಳಿಯುವುದು ಬಿಟ್ಟಿದ್ದಾರೆ, ಕಾಲುನೋವಂತೆ ಎಂದರು. ಕೊನೆಗೂ ಗೆದ್ದೆ ಎಂದು ಹಿಗ್ಗಿದೆ.

ಒಂದು ಮಧ್ಯಾಹ್ನ ಎಲ್ಲ ಖಾಲಿಯಾದ ಮೇಲೆ ಜವರಮ್ಮನೇ ಬಂದರು. ಒಬ್ಬರೇ ಬಂದಿದ್ದರು. ಬಾಗಿಲು ತಾವೇ ಹಾಕಿ, ಮಂಚದ ಮೇಲೆ ಕೂತು, ಸೀರೆಯನ್ನು ಮೊಣಕಾಲವರೆಗೆ ಎತ್ತಿದರು. ಬಲಗಾಲಿನ ಮೀನಖಂಡದಲ್ಲಿ ಚರ್ಮದ ಕೆಳಗೆ ಹುಳು ಹರಿದಾಡಿದಂತೆ ಅದುರು ಕಾಣುತ್ತಿತ್ತು.

"ಬೋರೇಗೌಡನ ಕಾಲೂ ಇಂಗೇ ಆಡ್ತಿತ್ತು," ಎಂದರು. "ತುಳಿವಾಗ ನಾನೇ ನೋಡಿವ್ನಿ. ಅವನ ಕಾಯ್ಲೆ ನನ್ನ ಕಾಲ್ಗತ್ಕಂಡದೆ ಕಣಮ್ಮ. ಸೊಸೆ ಫೋನಲ್ಲಿ ನೋಡಿ ಒಲೆ ಮುಂದೆ ಕೂತ್ಕಂಡು ಅಳ್ತಾವ್ಳೆ. ನಾನು ಕೇಳುದ್ರೆ ವಗೆ, ಅತ್ತೆ ಅಂತಾಳೆ. ಗ್ಯಾಸ್ ಒಲೆಗೆ ಎಲ್ಲಿ ವಗೆ?"

"ಅದಕ್ಕೇ ತುಳಿಯೋದು ಬಿಟ್ಟಿರಾ?"

"ಇನ್ನೇನ್ ಮಾಡ್ಲಿ? ನಂಗೆ ಬಂದುದ್ದು ನಂಗಿರ್ಲಿ. ನನ್ನ ಕಾಲಿಂದ ಊರ್ಗೆಲ್ಲ ಅಂಟುಸ್ಲಾ?"

ಹೀಗೆ ಹೆದರಿದವರನ್ನು ನಾನು ನೋಡಿರಲಿಲ್ಲ. ತನಗೆ ಏನಾಗುತ್ತದೋ ಎನ್ನುವುದಕ್ಕಿಂತ ತನ್ನಿಂದ ಏನಾಗುತ್ತದೋ ಎಂಬುದೇ ದೊಡ್ಡದಾಗಿತ್ತು ಆಯಮ್ಮನಿಗೆ. ನನ್ನ ಹಿಗ್ಗೆಲ್ಲ ಇಳಿದುಹೋಯಿತು.

ಎಬ್ಬಿಸಿ ನಡೆಸಿದೆ. ಹಿಮ್ಮಡಿಯಲ್ಲಿ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹೋಗಿ ಬಂದರು. ತುದಿಗಾಲಲ್ಲಿ ಇನ್ನೂ ಚೆನ್ನಾಗಿ. ಕುಕ್ಕರಗಾಲಲ್ಲಿ ಕೂತು ಕೈ ಊರದೆ ಎದ್ದರು, ಎದ್ದು ತೋರಿಸಿ ಎಂದ ನಾನೇ ಆಗ ಏಳಲು ಮಂಚ ಹಿಡಿದುಕೊಳ್ಳಬೇಕಾಗಿತ್ತು. ಟೇಪು ಹಿಡಿದು ಅಳೆದರೆ ಎರಡೂ ಮೀನಖಂಡ ಒಂದೇ ಸಮ. ಪಾದವನ್ನು ನನ್ನ ಅಂಗೈಗೆ ಒತ್ತಿ ಎಂದೆ. ನಾನು ಕುರ್ಚಿ ಸಮೇತ ಹಿಂದಕ್ಕೆ ಸರಿದೆ.

ಹೇಳಿಬಿಡಬೇಕು ಎಂದು ನಾಲಿಗೆ ತುದಿಗೆ ಬಂದಿತ್ತು. ಆದರೆ ಆ ಮಾತು ನನ್ನದಲ್ಲ. ನಮ್ಮ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರೂ ನೋಡಿ, ಬಲ ಚೆನ್ನಾಗಿದೆ, ಆದರೂ ಇವರ ಮನಸ್ಸಿಗೆ ಸಮಾಧಾನವಾಗಲಿ, ಮೈಸೂರಿನಲ್ಲಿ ನರದ ಡಾಕ್ಟರಿಗೆ ಒಂದು ಸಲ ತೋರಿಸಿ ಎಂದರು. ನಾನು ರಜೆ ಹಾಕಿ ಜೊತೆಗೆ ಹೋದೆ. ಬಸ್ಸಿನಲ್ಲಿ ಆಯಮ್ಮ ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡು ಕೂತಿದ್ದರು. ಯಾರಿಗೂ ತಾಗದಿರಲಿ ಎಂದು.

ಮೈಸೂರಿನ ಡಾಕ್ಟರು ಸುತ್ತಿಗೆಯಲ್ಲಿ ತಟ್ಟಿದರು, ನಾಲಿಗೆ ನೋಡಿದರು, ಸೂಜಿ ಹಾಕಿ ಮಿಷನ್ನಿನಲ್ಲಿ ಪರೀಕ್ಷೆ ಮಾಡಿದರು. ಸೂಜಿ ಚುಚ್ಚಿದಾಗ ಜವರಮ್ಮ ಪಿಟ್ ಅನ್ನಲಿಲ್ಲ. "ಕಾಯಿಲೆ ಯಾವುದೂ ಕಾಣಿಸ್ತಾ ಇಲ್ಲ ಅಮ್ಮ," ಎಂದರು ಡಾಕ್ಟರು. "ಅದುರೋದು ಇನ್ನೂ ಸ್ವಲ್ಪ ದಿನ ಇರಬಹುದು, ಇರಲಿ ಬಿಡಿ. ನಿದ್ದೆ ಮಾಡಿ, ಟೀ ಕಡಿಮೆ ಮಾಡಿ. ಕಡ್ಡಿಪುಡಿ ಬಿಡಿ, ಅದೂ ನರಗಳನ್ನ ಕೆಣಕುತ್ತೆ. ಕಾಲು ಸೋತ ಹಾಗೆ ಅನ್ನಿಸಿದರೆ ಬನ್ನಿ."

"ಕಡ್ಡಿಪುಡಿ ಬುಟ್ಟು ಇನ್ನೇನಾರ ಯೋಳಿ ಸ್ವಾಮಿ," ಎಂದರು ಜವರಮ್ಮ. ಆಮೇಲೆ ಕೇಳಿದರು, "ತುಳುದ್ರೆ ಇದು ಅತ್ಕಳದಾ?"

"ಆ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟೋದೇ ಇಲ್ಲ."

ನಾನು ಗೆಲುವಾಗಿ ಹೊರಗೆ ಬಂದೆ. ಮಸಾಲೆ ದೋಸೆ ಕೊಡಿಸಿದೆ. ಜವರಮ್ಮ ದೋಸೆಯನ್ನು ಚೂರು ಮಾಡುತ್ತಾ ಕೂತಿದ್ದರು, ಬಾಯಿಗೆ ಹೋಗಲಿಲ್ಲ. ಇನ್ನೇನು ಎಂದು ಕೇಳಿದೆ.

"ಅವನಿಂದ ನಂಗೆ ಬರ್ನಿಲ್ಲ ಅಂತಾಯ್ತು," ಎಂದರು. "ನನ್ನ ಕಾಲು ಬಿದ್ದುದ್ಕೇ ಅವನ ಕಾಲು ಓಯ್ತಾ, ಮೇಡಮ್ಮೋರೆ?"

ಆಗ ನನಗೆ ಅರ್ಥವಾಯಿತು. ಆಯಮ್ಮ ಇಷ್ಟು ದಿನ ಕಾಲು ತೋರಿಸುತ್ತಿದ್ದರು, ನೋವು ಇದ್ದದ್ದು ಈ ಪ್ರಶ್ನೆಯಲ್ಲಿ. ಕಾಲು ಅದುರಲು ಶುರುವಾದಾಗ, ಮಾಡಿದ್ದಕ್ಕೆ ಬಂತು ಎಂದುಕೊಂಡಿದ್ದಾರೆ. ನಾನು ಇದ್ದ ಬುದ್ಧಿಯನ್ನೆಲ್ಲ ಖರ್ಚು ಮಾಡಿ ಹೇಳಿದೆ. ಆ ಕಾಯಿಲೆ ನೀವು ತುಳಿಯುವ ಮೊದಲೇ ಅವನಲ್ಲಿತ್ತು, ಅದಕ್ಕೇ ಅವನು ನಿಮ್ಮ ಹತ್ತಿರ ಬಂದ, ಬೆನ್ನು ತುಳಿದರೆ ಅದು ಬರುವುದಿಲ್ಲ, ನೀವು ಕಳಿಸಿದ್ದರಿಂದಲೇ ಅದು ಏನೆಂದು ಗೊತ್ತಾಯಿತು. ಎಲ್ಲವನ್ನೂ ತಲೆ ಆಡಿಸುತ್ತಾ ಕೇಳಿದರು.

"ನೀವು ಯೋಳ್ತೀರಿ ಕಣಮ್ಮ, ಓದ್ದೋರು," ಎಂದರು. "ಸಾಕಮ್ಮ ಯೋಳ್ಬೇಕಲ್ಲ. ಗಂಡ ಸತ್ತ ಮೇಲೆ ಅವ್ಳು ನಮ್ಮಟ್ಟಿ ಕಡೆ ತಲೆ ಆಕಿಲ್ಲ. ನಾನೂ ಆ ಬೀದಿ ತುಳ್ದಿಲ್ಲ."

ನಾನೇ ಹೋಗಿ ಸಾಕಮ್ಮನ ಹತ್ತಿರ ಮಾತಾಡುತ್ತೇನೆ ಎಂದೆ. ಬೇಡ ಎಂದು ನನ್ನ ಕೈ ಹಿಡಿದುಕೊಂಡರು. ಆ ಹಿಡಿತದಲ್ಲೂ ಬಲಕ್ಕೇನೂ ಕೊರತೆ ಇರಲಿಲ್ಲ.

ಊರಿಗೆ ಹೋದ ಮೇಲೂ ಆಯಮ್ಮ ಯಾರನ್ನೂ ತುಳಿಯಲಿಲ್ಲ. ಸೊಸೆ ಅಳುವುದು ನಿಲ್ಲಿಸಿದಳು, ಅಷ್ಟೇ. ಗಾವಡಗೆರೆಯ ಸೊಂಟಗಳು ನನ್ನ ಹತ್ತಿರವೇ ಬರುತ್ತಿದ್ದವು, ನನಗೆ ಅವುಗಳನ್ನು ನೋಡಿದರೆ ಬೇಜಾರಾಗುತ್ತಿತ್ತು.

ನಿವೃತ್ತಿಯಾದ ಮೇಲೆ, ಹೊಗೆಸೊಪ್ಪು ಮುರಿಯುವ ಕಾಲದಲ್ಲಿ, ಒಂದು ಬೆಳಿಗ್ಗೆ ಸುಮ್ಮನೆ ನೋಡಿಕೊಂಡು ಬರೋಣವೆಂದು ಹೋದೆ. ಊರೆಲ್ಲ ಸೊಪ್ಪು ಬೇಯುವ ವಾಸನೆ. ಜವರಮ್ಮ ಜಗಲಿಯ ಮೇಲೆ ಕೂತು, ಮೊಣಕಾಲವರೆಗೆ ಸೀರೆ ಎತ್ತಿ ಮೀನಖಂಡವನ್ನೇ ನೋಡುತ್ತಿದ್ದರು. ದಿನಾ ಎದ್ದ ತಕ್ಷಣ ಇದೇ ಕೆಲಸ ಎಂದಳು ಸೊಸೆ. ನಾನು ಮಜ್ಜಿಗೆ ಕುಡಿಯುತ್ತಿರುವಾಗ ಬೀದಿಯ ತಿರುವಿನಲ್ಲಿ ಒಬ್ಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟು, ಅರ್ಧ ಬಗ್ಗಿಕೊಂಡು ಬರುವುದು ಕಂಡಿತು. ಜವರಮ್ಮ ಒಮ್ಮೆಲೇ ಸೀರೆ ಇಳಿಸಿ ಎದ್ದು ನಿಂತರು. ಬಂದವಳು ಸಾಕಮ್ಮ.

"ಸೊಪ್ಪಿನ ವರೆ ಎತ್ತುವಾಗ ಸೊಂಟ ಇಡ್ಕತು ಕಣಕ್ಕ," ಎಂದಳು ಸಾಕಮ್ಮ. "ಎರಡು ದಿನ ತಡೆದೆ, ಆಗ್ನಿಲ್ಲ. ಎಲ್ಲವ್ರೆ ಅಂತ ಕೇಳ್ದೆ, ಅಟ್ಟೀಲವ್ರೆ ಅಂದ್ರು, ಬಂದೆ." ನನ್ನನ್ನು ನೋಡಿ, "ಓ, ಮೇಡಮ್ಮೋರೂ ಇಲ್ಲೇ ಅವ್ರೆ" ಎಂದಳು.

ಅಭ್ಯಾಸಬಲ, ನಾನು ಅವಳನ್ನು ಹಿಮ್ಮಡಿಯಲ್ಲಿ ನಡೆಸಿದೆ, ತುದಿಗಾಲಲ್ಲಿ ನಡೆಸಿದೆ, ಜೋಮು ಇದೆಯಾ ಎಂದು ಕೇಳಿದೆ. ಬಲ ಸರಿಯಾಗಿತ್ತು, ಬರೀ ಹಿಡಿತ. ಕೇಳುವ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ ಜವರಮ್ಮನಿಗೆ ತುಳಿಯಬಹುದು ಎಂದೆ. ಸಾಕಮ್ಮ ಮೂಲೆಯಲ್ಲಿದ್ದ ಗೋಣಿಚೀಲವನ್ನು ತಾನೇ ಎಳೆದು ಹಾಸಿಕೊಂಡು, ಅಮ್ಮಾ ಅನ್ನುತ್ತಾ ಬೋರಲು ಮಲಗಿದಳು.

ಜವರಮ್ಮ ನಿಂತೇ ಇದ್ದರು. ಗೋಡೆಗೆ ಕೈ ಕೊಟ್ಟಿದ್ದರು, ಕಾಲು ಎತ್ತಲಿಲ್ಲ.

"ಸಾಕಮ್ಮ, ನಿನ್ನ ಗಂಡನ್ನೂ ಇಲ್ಲೇ ತುಳ್ದಿದ್ದೆ ನಾನು."

"ಊಂ."

"ಅದ್ರಿಂದ್ಲೇ ಅವನ ಕಾಲು ಓಯ್ತು ಅಂತ ನಿನ್ನ ಮನ್ಸಲ್ಲದಾ? ಇದ್ರೆ ಯೋಳ್ಬುಡು."

ಸಾಕಮ್ಮನ ಮುಖ ಗೋಣಿಚೀಲದ ಕಡೆಗೇ ಇತ್ತು. ಹಾಗೇ ಹೇಳಿದಳು, "ಅವ್ರು ಬರಲ್ಲ ಅಂತಿದ್ರು ಕಣಕ್ಕ. ಬಲವಂತ ಮಾಡಿ ಕರ್ಕಬಂದವ್ಳು ನಾನು. ಮೊದ್ಲೇ ಆಸ್ಪತ್ರೆಗೆ ಕರ್ಕೋಗ್ದೆ ಇಲ್ಲಿಗ್ಯಾಕೆ ತಂದ್ಲು, ನನ್ನ ಕಾಲ್ಗೂ ಕೆಟ್ಟೆಸ್ರು ತಂದ್ಲು ಅಂತ ನೀವು ಅಂದ್ಕತಿದ್ದೀರಿ ಅನ್ಕಂಡು ನಾನು ಈ ಕಡೆ ಬರ್ನಿಲ್ಲ. ತುಳಿಯೋದೇ ಬುಟ್ರು ಅಂದಾಗ, ನನ್ನಿಂದ್ಲೇ ಅಂತ ಅತ್ತಿವ್ನಿ." ಮೂಗು ಏರಿಸಿಕೊಂಡಳು. "ನಿಮ್ಮದೂ ಅಲ್ಲ, ನಂದೂ ಅಲ್ಲ. ಬಂದಿತ್ತು, ತಕ್ಕಂಡೋಯ್ತು. ಈಗ ತುಳೀರಕ್ಕ, ಅಲ್ಲಿ ಸೊಪ್ಪು ಬಾಡ್ತಾ ಅದೆ."

ಜವರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಲಗಾಲನ್ನು ಸಾಕಮ್ಮನ ಸೊಂಟದ ಮೇಲೆ ಇಟ್ಟರು. ನಾನು ಪಕ್ಕದಲ್ಲೇ ಕೂತಿದ್ದರಿಂದ ಮೀನಖಂಡ ನನ್ನ ಕಣ್ಣ ಮಟ್ಟಕ್ಕೆ ಇತ್ತು. ಅದು ಅದುರುತ್ತಲೇ ಇತ್ತು. ಆಯಮ್ಮ ಅದನ್ನು ನೋಡಲಿಲ್ಲ. ಅವರ ಕಣ್ಣು ಸಾಕಮ್ಮನ ಬೆನ್ನಿನ ಮೇಲಿತ್ತು.

"ಉಸ್ರು ಬುಡು, ಬಿಗಿ ಇಡೀಬ್ಯಾಡ," ಎಂದು ಹೇಳಿ, ಮೆಲ್ಲಗೆ ಭಾರ ಬಿಟ್ಟು ತುಳಿದರು.